ಅತ್ತೆ ಕೇಳಿದ ದಿಂಬು

ಹಾಸಿಗೆ ಹೊಲಿಯುವವನ ಮಗಳಿಗೆ ದಿಂಬು ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಸೊಸೆ ಎದೆಯುಬ್ಬಿಸಿಕೊಂಡೇ ಕೆಲಸ ಶುರುಮಾಡಿದಳು. ಎಡವಟ್ಟಾಗಿದ್ದು ಅಲ್ಲೇ.

ಅವಳ ಅತ್ತೆ ಲೇಸ್ ಹೆಣೆಯುವವಳು. ದಿಂಬಿನ ಮೇಲೆ ಗುಂಡುಸೂಜಿಗಳನ್ನು ನೆಟ್ಟು, ನೂಲು ಸುತ್ತಿದ ಮರದ ಕಡ್ಡಿಗಳನ್ನು ಆಚೀಚೆ ಹಾಯಿಸುತ್ತ ಆಕೆ ಹೆಣೆದ ಲೇಸಿಗೆ ಇಡೀ ಬೀದಿಯೇ ಮರುಳು. ಈಗ ಮದುವಣಗಿತ್ತಿಯೊಬ್ಬಳ ಮುಸುಕಿಗೆ ಅಂಚು ಹೆಣೆದುಕೊಡಲು ಒಪ್ಪಿಕೊಂಡಿದ್ದಳು. ಒಬ್ಬರ ಕೈಲಿ ಮುಗಿಯುವ ಕೆಲಸವಲ್ಲ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಇನ್ನೊಬ್ಬರು ಕೂರಬಹುದಿತ್ತು. ಕಲಿಕೆಯ ಪುಟ್ಟ ದಿಂಬಿನ ಮೇಲೆ ಕೈ ಪಳಗಿಸಿಕೊಂಡಿದ್ದ ಸೊಸೆಗೆ ಆ ಜಾಗದ ಮೇಲೇ ಕಣ್ಣು.

"ಮೊದಲು ನಿನ್ನ ದಿಂಬು ನೀನೇ ಮಾಡ್ಕೋ," ಅಂದಳು ಅತ್ತೆ. "ಒಳಗೆ ಏನು ತುಂಬಬೇಕು ಅಂತ ಮಾತ್ರ ಕೇಳ್ಬೇಡ. ನಮ್ಮಲ್ಲಿ ಯಾರೂ ಹೇಳಲ್ಲ, ನಮ್ಮತ್ತೇನೂ ನಂಗೆ ಹೇಳ್ಲಿಲ್ಲ. ಸೂಜಿ ನಿಂತ್ರೆ ನನ್ನ ಪಕ್ಕ ಕೂತ್ಕೋ. ಬಿದ್ರೆ ಹಿಂದಿನ ಬೀದಿಯ ಲೇಸಿನವಳನ್ನ ಕರೀತೀನಿ."

ಹಿಂದಿನ ಬೀದಿಯವಳ ಹೆಸರೆತ್ತಿದರೆ ಸಾಕು, ಸೊಸೆಗೆ ಮೈಯೆಲ್ಲ ಉರಿ.

ಕಲಿಕೆಯ ದಿಂಬು ಗಟ್ಟಿಯಾಗಿದ್ದದ್ದು ಹಳೆಯದಾದ್ದರಿಂದ ಎಂದುಕೊಂಡು ಒಳ್ಳೆಯ ಹತ್ತಿ ತಂದು ಹಿಂಜಿದಳು, ಬೀಜವೊಂದೂ ಉಳಿಯದಂತೆ ಆರಿಸಿದಳು, ಹೂವಿನಂತೆ ಅರಳಿಸಿ ತುಂಬಿದಳು. ಮೇಲೆ ಥಳಥಳ ಹೊಳೆಯುವ ಬಿಳಿ ಸ್ಯಾಟಿನ್. ಅತ್ತೆ ಒತ್ತಿ ನೋಡಿದರೆ ಕೈ ಒಳಗೇ ಹೋಯಿತು. ನೆಟ್ಟ ಸೂಜಿ ನಾಚಿಕೊಂಡಂತೆ ಅಡ್ಡ ಬಿತ್ತು.

"ಚೆನ್ನಾಗಿದೆಯಮ್ಮ," ಅಂದಳು ಅತ್ತೆ, "ಮಲ್ಕೊಳ್ಳೋಕೆ."

ಗಂಡ ಆ ದಿಂಬನ್ನು ತಲೆಯಡಿಗೆ ಹಾಕಿಕೊಂಡು ಸೊಗಸಾಗಿ ಗೊರಕೆ ಹೊಡೆದ. ಸೊಸೆಗೆ ಅತ್ತೆಗಿಂತ ಅವನ ಮೇಲೇ ಹೆಚ್ಚು ಸಿಟ್ಟು ಬಂತು. ಆದರೆ ಅವನ ತಲೆ ಹೂತುಹೋದ ಗುಂಡಿಯನ್ನು ನೋಡುತ್ತಲೇ ತಪ್ಪು ಹೊಳೆಯಿತು. ತಲೆಗೆ ಬೇಕಾದ್ದು ಸೂಜಿಗೆ ಬೇಡ.

ಬಡಗಿಯ ಅಂಗಡಿಗೆ ಹೋದಳು. ಅಲ್ಲಿ ಗರಗಸದ ಹೊಟ್ಟಿನ ಎರಡು ರಾಶಿಗಳಿದ್ದವು. ಅಪ್ಪ ಹತ್ತಿಯ ತೇವ ನೋಡುತ್ತಿದ್ದ ಹಾಗೆಯೇ ಒಂದೊಂದು ಹಿಡಿ ತೆಗೆದು ಹಿಸುಕಿ, ಮೂಸಿದಳು. ಒಂದು ಮುದ್ದೆಯಾಗಿ ಅಂಗೈಗೆ ಅಂಟಿತು. ಹಸಿ ಮರದ್ದು. ಅದನ್ನು ತುಂಬಿದರೆ ಸೂಜಿ ತುಕ್ಕು ಹಿಡಿದು ಬಿಳಿ ನೂಲಿಗೆ ಕಲೆ ಬೀಳುತ್ತದೆ. ಇನ್ನೊಂದು ಬೆರಳ ಸಂದಿಯಿಂದ ಮರಳಿನಂತೆ ಉದುರಿತು.

"ಹೊಟ್ಟಿಗೂ ಇಷ್ಟೊಂದು ಪರೀಕ್ಷೇನಾ?" ಎಂದು ಬಡಗಿ ನಕ್ಕ.

"ನಮ್ಮತ್ತೆ ಪರೀಕ್ಷೆ ನೀವು ನೋಡಿಲ್ಲ," ಎಂದು ಚೀಲ ತುಂಬಿಸಿಕೊಂಡಳು.

ಬಟ್ಟೆ ಅಂಗಡಿಯಲ್ಲಿ ಒಂದೊಂದು ಥಾನಿನ ಮೇಲೂ ಬಿಳಿ ನೂಲಿಟ್ಟು ನೋಡಿದಳು. ಬಿಳಿಯ ಮೇಲೆ ನೂಲು ಕಾಣೆ, ಮಖಮಲ್ಲಿನಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ, ಹೂವಿನ ಬಟ್ಟೆ ಕಣ್ಣು ಕೆಡಿಸುತ್ತದೆ. ಅಂಗಡಿಯವನ ತಾಳ್ಮೆ ಮುಗಿಯುವ ಹೊತ್ತಿಗೆ ಮೂಲೆಯಲ್ಲಿದ್ದ ಕಡುನೀಲಿ ಹತ್ತಿ ಬಟ್ಟೆ ಕೈಗೆ ಸಿಕ್ಕಿತು. ಅದರಲ್ಲಿ ಅಂದಚಂದ ಏನೂ ಇರಲಿಲ್ಲ. ಆದರೆ ನೂಲು ಎದ್ದು ಕಂಡಿತು.

ಮನೆಗೆ ಬಂದವಳೇ ಹೊಟ್ಟನ್ನು ಒರಟು ಬಟ್ಟೆಯ ಚೀಲಕ್ಕೆ ಸುರಿದು, ಲಟ್ಟಣಿಗೆಯಿಂದ ಜಡಿದು ಜಡಿದು ಕಲ್ಲಿನಷ್ಟು ಗಟ್ಟಿ ಮಾಡಿದಳು. ಸೂಜಿಯನ್ನು ಬಿಗಿಯಾಗಿ ಹಿಡಿಯಲೆಂದು ತನ್ನ ಉಣ್ಣೆ ಕೋಟನ್ನೇ ಕತ್ತರಿಸಿ ಎರಡು ಪದರ ಹೊದಿಸಿದಳು. ಅದರ ಮೇಲೆ ನೀಲಿ ಬಟ್ಟೆ ಎಳೆದು ಹೊಲಿದಳು.

ಅತ್ತೆ ಸೂಜಿ ನೆಟ್ಟಳು. ದಿಂಬನ್ನು ತಲೆಕೆಳಗು ಮಾಡಿ ಕೊಡವಿದಳು. ಸೂಜಿ ಜಪ್ಪಯ್ಯ ಅನ್ನಲಿಲ್ಲ. ಎಳೆದರೆ ಸಲೀಸಾಗಿ ಬಂತು. ಮತ್ತೆ ನೆಟ್ಟಳು, ಮತ್ತೆ ಕೊಡವಿದಳು. ಆಮೇಲೆ ದಿಂಬನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಯಾರಿಗೂ ಮುಟ್ಟಲು ಬಿಡದ ತನ್ನ ಹಳೆಯ ದಿಂಬನ್ನು ಸೊಸೆಯತ್ತ ತಳ್ಳಿದಳು.

"ಇದು ನಂಗಿರ್ಲಿ. ನಂದು ನೀನು ತಗೋ."

ಇದಕ್ಕಿಂತ ದೊಡ್ಡ ಶಭಾಷ್‌ಗಿರಿ ಆ ಮನೆಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಆದರೂ ಸೊಸೆ ಕೈ ಚಾಚಿ ನೀಲಿ ದಿಂಬನ್ನೇ ವಾಪಸು ತೆಗೆದುಕೊಂಡಳು.

"ಇಲ್ಲ ಅತ್ತೆ, ಇದನ್ನ ಕೊಡಲ್ಲ. ಬೇಕಾದ್ರೆ ನಿಮಗೂ ಒಂದು ಮಾಡ್ಕೊಡ್ತೀನಿ. ಒಳಗೆ ಏನು ತುಂಬಿದೆ ಅಂತ ಮಾತ್ರ ಕೇಳ್ಬಾರ್ದು."

ಬಾಗಿಲಲ್ಲಿದ್ದ ಗಂಡ ಮೆಲ್ಲಗೆ ಜಾಗ ಖಾಲಿ ಮಾಡಿದ. ಅತ್ತೆ ಸೊಸೆಯನ್ನು ದುರುಗುಟ್ಟಿ ನೋಡಿದಳು. ನಂತರ ಬೆಂಚಿನ ಮೇಲೆ ಸರಿದು ಜಾಗ ಬಿಟ್ಟು, ಕಿಟಕಿಯಿಂದ ತಲೆ ಹೊರಹಾಕಿ ಎದುರುಮನೆಯವಳನ್ನು ಕೂಗಿದಳು.

"ಕೇಳಿದ್ಯೇನೇ? ನನ್ನ ಸೊಸೆ ನಂಗೇ ದಿಂಬು ಕೊಡಲ್ವಂತೆ!"

ಆಕೆ ತಾನು ಹೆಣೆದ ಯಾವ ಲೇಸಿನ ಬಗ್ಗೆಯೂ ಅಷ್ಟು ಹೆಮ್ಮೆಯಿಂದ ಹೇಳಿಕೊಂಡಿರಲಿಲ್ಲ.