ಸಿಟ್ಟು ಬರಿಸುವ ಮಾತ್ರೆ

ಕನ್ನಡಕದಂಗಡಿಯವರ ಹೆಂಡತಿ ಅಂದು ಡಾಕ್ಟರ ಮುಂದೆ ಕೂತದ್ದು ಗಂಡನ ಮೂಗಿಗಾಗಿ ಅಲ್ಲ, ಅಡುಗೆಮನೆಯ ಗೋಡೆಗಾಗಿ. ಮೇಲಿನ ಮನೆಯ ಬಚ್ಚಲ ನೀರು ವರ್ಷಗಳಿಂದ ಆ ಗೋಡೆಯೊಳಗೆ ಇಳಿದಿಳಿದು, ಒಲೆಯ ಮುಂದೆ ನಿಲ್ಲಲಾಗದಷ್ಟು ನಾತ. ಹೋಗಿ ಒಂದು ಮಾತು ಕೇಳಿ ಎಂದರೆ, ಸೈನಸ್ಸಿನಿಂದ ಸದಾ ಮೂಗು ಕಟ್ಟಿಕೊಂಡಿರುತ್ತಿದ್ದ ಆ ಪುಣ್ಯಾತ್ಮ, "ನಂಗೇನೂ ವಾಸನೆ ಬರ್ತಿಲ್ವಲ್ಲೇ" ಎಂದು ಜಾರಿಕೊಳ್ಳುತ್ತಿದ್ದರು. ಜಗಳವೆಂದರೆ ಅವರಿಗೆ ಕೈಕಾಲು ನಡುಕ.

ಜೊತೆಗೆ ಅತ್ತೆಯೂ ಮಗಳೂ ಬಂದಿದ್ದರು. ರೋಗಿಗೆ ಕೂರಲು ಕುರ್ಚಿ ಉಳಿದಿರಲಿಲ್ಲ.

"ನೋವಿನ ಮಾತ್ರೆಯಿಂದ ಪ್ರಯೋಜನ ಕಮ್ಮಿ, ಹೊಟ್ಟೆ ಬೇರೆ ಉರಿಯುತ್ತೆ," ಎಂದರು ಡಾಕ್ಟರು. "ಊತ ಇಳಿಯೋಕೆ ಸ್ಟೀರಾಯ್ಡ್ ಸ್ಪ್ರೇ ಒಳ್ಳೇದು. ಆದ್ರೆ ನಿಧಾನ, ಒಮ್ಮೊಮ್ಮೆ ಮೂಗಲ್ಲಿ ರಕ್ತ ಬರುತ್ತೆ. ಸ್ಟೀರಾಯ್ಡ್ ಮಾತ್ರೆ ಬೇಗ ಕೆಲಸ ಮಾಡುತ್ತೆ, ಅಡ್ಡಪರಿಣಾಮ ಜಾಸ್ತಿ. ಸಿಕ್ಕಾಪಟ್ಟೆ ಹಸಿವು..."

"ಹಸಿವಾ?" ಅತ್ತೆಯ ಮುಖ ಅರಳಿತು. "ಅದನ್ನೇ ಕೊಡಿ. ಹುಡುಗ ಸೊರಗಿದಾನೆ."

ಹುಡುಗನಿಗೆ ಐವತ್ತು ದಾಟಿತ್ತು.

"ನಿದ್ದೆ ಸರಿಯಾಗಿ ಬರಲ್ಲ..."

"ಪರೀಕ್ಷೆಗೆ ನನ್ನ ಎಬ್ಬಿಸೋಕೆ ಆಯ್ತು," ಎಂದಳು ಮಗಳು.

"ಸುಮ್ಸುಮ್ನೆ ಸಿಟ್ಟು ಬರಬಹುದು."

ಹೆಂಡತಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಎಷ್ಟು ಸಿಟ್ಟು ಡಾಕ್ಟ್ರೇ? ಒಂದು ಮಹಡಿ ಹತ್ತೋವಷ್ಟು?"

ಡಾಕ್ಟರು ಪೆನ್ನು ಕೆಳಗಿಟ್ಟು ಮೂವರನ್ನೂ ನೋಡಿದರು. ರೋಗಿಯ ಮೂಗಿನೊಳಗೆ ದುರ್ಮಾಂಸ ಬೆಳೆದಿತ್ತು. ಬಿಪಿ, ಸಕ್ಕರೆ ಎಲ್ಲ ಸರಿಯಿದ್ದವು. ಸ್ಪ್ರೇ ಜೊತೆ ಕೆಲವೇ ದಿನಗಳ ಮಟ್ಟಿಗೆ ಮಾತ್ರೆಯನ್ನೂ ಬರೆದುಕೊಟ್ಟರು.

ಮನೆಯಲ್ಲಿ ಕಾದದ್ದೇ ಕಾದದ್ದು. ಹಸಿವೇನೋ ಬಂತು, ಬಡಿಸಿ ಬಡಿಸಿ ಅತ್ತೆಯ ಕೈ ಸೋತಿತು. ಸಿಟ್ಟಿನ ಸುಳಿವೇ ಇಲ್ಲ. ಹೆಂಡತಿ ಅವರ ಕನ್ನಡಕ ಬಚ್ಚಿಟ್ಟಳು, ಕಾಫಿಗೆ ಉಪ್ಪು ಹಾಕಿದಳು. ಅವರು ತಡಕಾಡಿಕೊಂಡು ಬಂದು ಕಾಫಿ ಕುಡಿದು "ಚೆನ್ನಾಗಿದೆ" ಎಂದರು. ಕೊನೆಗೆ ಅವಳಿಗೇ ಸಿಟ್ಟು ನೆತ್ತಿಗೇರಿತು.

ಒಂದು ಬೆಳಿಗ್ಗೆ ನೀರು ಕುಡಿಯಲೆಂದು ಬಂದವರು ಅಡುಗೆಮನೆಯ ಹೊಸ್ತಿಲಲ್ಲೇ ನಿಂತರು. ಜೋರಾಗಿ ಉಸಿರೆಳೆದುಕೊಂಡರು. ಮುಖ ಕಿವುಚಿದರು.

"ಏನೇ ಇದು ನಾತ?"

"ಅದೇ ಗೋಡೆ ಕಣ್ರೀ."

"ಇದರಲ್ಲಾ ನೀನು ದಿನಾ ಅಡುಗೆ ಮಾಡ್ತಿದ್ದಿದ್ದು? ಇಷ್ಟು ವರ್ಷ?"

ಅವರು ಲೋಟ ಕುಕ್ಕಿ, ಬನಿಯನ್ನಿನಲ್ಲೇ ಮೆಟ್ಟಿಲು ಹತ್ತಿದರು. ಮೇಲಿನ ಬಾಗಿಲು ಧಡಧಡ ಬಡಿದ ಸದ್ದು, ಹಿಂದೆಯೇ ಇಡೀ ಕಟ್ಟಡಕ್ಕೆ ಕೇಳುವಂಥ ಕೂಗು.

"ಅಂತೂ ಮಾತ್ರೆ ಹಿಡೀತು!" ಎಂದರು ಅತ್ತೆ.

ಹೆಂಡತಿ ಒಲೆ ಆರಿಸಿ ನೆಲದ ಮೇಲೆ ಕೂತುಬಿಟ್ಟಳು.

"ಸಿಟ್ಟಲ್ಲ ಅತ್ತೆ, ಅವರಿಗೆ ವಾಸನೆ ಬಂತು," ಎಂದಳು. ಅಷ್ಟು ಹೇಳುವುದರೊಳಗೆ ಅಳು ತಡೆಯಲಾಗಲಿಲ್ಲ.