ಹಸಿರು ಬಳಿದ ಕೆಂಪು ನಟ್ಟು

ಆ ಶೆಡ್ಡಿಗೆ ಬರುವ ಗಾಡಿಗಳೆಲ್ಲ ಯುದ್ಧವನ್ನು ಮರೆತು ಕೂತ ಗಾಡಿಗಳು. ಸೈನ್ಯದವರು ಬೇಡವೆಂದು ಹರಾಜು ಹಾಕಿದ ಜೀಪು, ಟ್ರಕ್ಕುಗಳನ್ನು ಶೋಕಿಗೆ ಕೊಂಡವರು ಎಳೆಸಿಕೊಂಡೋ ತಳ್ಳಿಸಿಕೊಂಡೋ ಮಾವನ ಹತ್ತಿರ ತರುತ್ತಿದ್ದರು. ಮಾವ ಅವುಗಳ ಹೊಟ್ಟೆ ಬಿಚ್ಚಿ ಎಂಜಿನ್ನಿಗೆ ಜೀವ ತುಂಬಿದರೆ, ಅವನ ಅಕ್ಕನ ಮಗಳು ಮೈಗೆ ಬಣ್ಣ ಹಚ್ಚುತ್ತಿದ್ದಳು. ಹುಡುಗಿ ಅಜ್ಜಿಯ ತೊಡೆಯ ಮೇಲೆ ಕಥೆ ಕೇಳಿಕೊಂಡೇ ಬೆಳೆದವಳು. ಒಂದೊಂದು ಟ್ರಕ್ಕೂ ಅವಳ ಕಣ್ಣಿಗೆ ಶಾಪ ಹೊತ್ತು ಮಲಗಿದ ರಾಕ್ಷಸ. ಕೈಯಲ್ಲಿ ಬ್ರಶ್ಶು ಹಿಡಿದು, ರಾಕ್ಷಸನ ಪ್ರಾಣ ಯಾವ ಬೋಲ್ಟಿನಲ್ಲಿರಬಹುದೆಂದು ಯೋಚಿಸುತ್ತ ನಿಂತಳೆಂದರೆ ಬ್ರಶ್ಶು ಒಣಗಿ ಕಡ್ಡಿಯಾದರೂ ಎಚ್ಚರವಿರುತ್ತಿರಲಿಲ್ಲ. ಅದಕ್ಕೇ ಬೀದಿಗೆಲ್ಲ ಅವಳು ಕನಸಮ್ಮ. ಆ ಹೆಸರಿಟ್ಟವನು ಎದುರಿನ ಟೈರ್ ಅಂಗಡಿಯವನು. ಅವನನ್ನು ಅವಳು ದೊಡ್ಡಪ್ಪ ಎನ್ನುತ್ತಿದ್ದಳು. ರಕ್ತಸಂಬಂಧವೇನಿಲ್ಲ, ಚಿಕ್ಕವಳಿದ್ದಾಗ ಹಳೇ ಟ್ಯೂಬು ಕಟ್ಟಿ ಉಯ್ಯಾಲೆ ಮಾಡಿಕೊಟ್ಟವನು ಅವನೇ.

ಈ ಸಲ ಬಂದಿದ್ದು ಹಲ್ಲಿನ ಡಾಕ್ಟರ ಪುಟ್ಟ ಟ್ರಕ್ಕು. ಭಾನುವಾರದ ಹಳೇ ಗಾಡಿಗಳ ಪ್ರದರ್ಶನಕ್ಕೆ ಅದು ಹೋಗಬೇಕಿತ್ತು. ಇಂಥ ಗಾಡಿಗಳ ಚಕ್ರ ಒಂದೇ ತುಂಡಲ್ಲ. ಎರಡು ತಟ್ಟೆಗಳನ್ನು ಬಾಯಿಗೆ ಬಾಯಿ ಕೂರಿಸಿ, ಸುತ್ತ ನಟ್ಟು ಬಿಗಿದು ಮಾಡಿದ್ದು. ಟೈರಿನಲ್ಲಿ ಗಾಳಿ ಇರುವಾಗ ಆ ನಟ್ಟು ಬಿಚ್ಚಿದರೆ ತಟ್ಟೆ ಫಿರಂಗಿ ಗುಂಡಿನ ಹಾಗೆ ಹಾರುತ್ತದೆ, ಎದುರಿಗೆ ಯಾರ ಮುಖವಿದೆ ಎಂದು ನೋಡುವುದಿಲ್ಲ. ಚಕ್ರವನ್ನು ಗಾಡಿಗೆ ಹಿಡಿದಿಡುವ ನಟ್ಟುಗಳೇ ಬೇರೆ. ಯಾವುದು ಎಲ್ಲಿ ಎಂಬುದು ಗಾಡಿಯಿಂದ ಗಾಡಿಗೆ ಬದಲಾಗುವುದರಿಂದ ತಟ್ಟೆಯ ನಟ್ಟುಗಳಿಗೆ ಕೆಂಪು ಬಳಿದಿರುತ್ತಾರೆ. ಗಾಳಿ ಇಳಿಸದೆ ಕೆಂಪು ಮುಟ್ಟಬಾರದು. ಆ ಶೆಡ್ಡಿನಲ್ಲಿ ಎಲ್ಲರೂ ಮೊದಲು ಕಲಿಯುವ ಪಾಠ ಅದು. ಅವಳೂ ಕಲಿತಿದ್ದಳು.

ಕಲಿತಿದ್ದೂ ಹಾಗೆ ಮಾಡಿದಳು. ಮಾವ ಬಿಡಿಭಾಗ ಹುಡುಕಿಕೊಂಡು ಹೋಗಿದ್ದ ದಿನ, ಚಕ್ರಕ್ಕೆ ಹಸಿರು ಬಳಿದು ದೂರ ನಿಂತು ನೋಡಿದರೆ ಆ ಕೆಂಪು ಚುಕ್ಕೆಗಳು ಚೆಂದದ ಮುಖದ ಮೇಲೆ ಮೊಡವೆ ಎದ್ದ ಹಾಗೆ ಕಂಡವು. ಪ್ರದರ್ಶನ ಮುಗಿಯುವವರೆಗೆ ತಾನೇ, ಆಮೇಲೆ ಮತ್ತೆ ಕೆಂಪು ಹಚ್ಚಿದರಾಯಿತು ಎಂದುಕೊಂಡು ಎಲ್ಲದರ ಮೇಲೂ ಹಸಿರು ಎಳೆದುಬಿಟ್ಟಳು. ಸಂಜೆ ಬಂದ ಡಾಕ್ಟರು ಟ್ರಕ್ಕಿನ ಸುತ್ತ ಪ್ರದಕ್ಷಿಣೆ ಹಾಕಿ, "ಅಬ್ಬಬ್ಬಾ, ಹಲ್ಲು ಕಟ್ಟಿಸಿಕೊಂಡ ಮದುಮಗನ ಹಾಗಿದೆಯಲ್ಲಮ್ಮ! ನಿನ್ನ ಕೈಯಲ್ಲಿ ಏನೋ ಇದೆ," ಎಂದರು. ಆ ಮಾತನ್ನು ಅವಳು ಮನೆಯವರೆಗೂ ಬಾಯಲ್ಲಿ ಸಕ್ಕರೆಯಂತೆ ಚೀಪಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಮಾವ ಒಳಗೆ ಬಿಡಿಭಾಗ ಉಜ್ಜುತ್ತಿದ್ದ. ಇವಳು ಬಾನೆಟ್ಟಿನ ಮೇಲೆ ಹತ್ತಿ ಕೂತು ನಂಬರು ಬರೆಯುತ್ತಿದ್ದಳು. ದೊಡ್ಡಪ್ಪ ಹೊಸ ಟೈರು ಹಾಕಲು ಬಂದವನು ಕೆಳಗೆ ಮಂಡಿಯೂರಿ ಗೊಣಗುತ್ತಿದ್ದ.

"ಏನೇ ಕನಸಮ್ಮ, ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದಿದ್ದೀಯಲ್ಲ! ಮೂರನೇ ನಟ್ಟು ಅಲ್ಲಾಡ್ತಾನೇ ಇಲ್ಲ."

"ಬಣ್ಣದ ಮೇಲೆ ಯಾಕೆ ತಪ್ಪು ಹಾಕ್ತೀರ ದೊಡ್ಡಪ್ಪ, ನಿಮ್ಮ ತೋಳೇ ಸೋತಿದೆ," ಎಂದಳು ತಿರುಗದೆ.

"ಓಹೋ! ಇರು, ಅಂಗಡಿಯಿಂದ ಪೈಪು ತರ್ತೀನಿ. ಆಮೇಲೆ ನೋಡುವಂತೆ ಈ ತೋಳು."

ಅವನು ರಸ್ತೆ ದಾಟಿದ. ನಂಬರು ಸೊಟ್ಟಗಿದೆಯೇ ನೋಡಲು ಅವಳು ಕೆಳಗಿಳಿದು ಹಿಂದೆ ಸರಿದಳು. ಕಣ್ಣು ಚಕ್ರದ ಮೇಲೆ ಬಿತ್ತು. ಎರಡು ನಟ್ಟು ಉಳಿದವಕ್ಕಿಂತ ಹೊರಗೆ ಬಂದಿದ್ದವು. ತಟ್ಟೆಯ ನಟ್ಟುಗಳು. ಟೈರು ಗಟ್ಟಿಯಾಗಿ ಉಬ್ಬಿ ಕೂತಿತ್ತು.

ಮಾಡಬೇಕಾದದ್ದು ಏನೆಂದು ಅವಳಿಗೆ ಗೊತ್ತಿತ್ತು. ವಾಲ್ವಿನ ಮೂತಿ ಒತ್ತಿದರೆ ಗಾಳಿ ಹೋಗುತ್ತಿತ್ತು, ಅಷ್ಟೇ. ಆದರೆ ಮಾವನ ಮುಖ ನೆನಪಾಯಿತು, ಡಾಕ್ಟರ ಮಾತು ನೆನಪಾಯಿತು, ಅವಳ ಕೈ ಹೋಗಿದ್ದು ಕೆಂಪು ಡಬ್ಬಿಯ ಕಡೆಗೆ. ಗಾಡಿ ಎಳೆಯುವ ಕೊಂಡಿಗೆ ಹಚ್ಚಲೆಂದು ಇಟ್ಟಿದ್ದ ಬೇಗ ಆರುವ ಬಣ್ಣ. ಆ ಉಬ್ಬಿದ ಚಕ್ರದ ಮುಂದೆಯೇ ಕುಕ್ಕರಿಸಿ ಒಂದೊಂದೇ ನಟ್ಟಿಗೆ ಕೆಂಪು ಮುಟ್ಟಿಸಿದಳು. ಕೊನೆಯದು ಮುಗಿದು ವಾಲ್ವಿಗೆ ಕೈ ಚಾಚುವಷ್ಟರಲ್ಲಿ ಚಪ್ಪಲಿ ಸದ್ದಾಯಿತು. ಡಬ್ಬಿ ಮುಚ್ಚಿಕೊಂಡು ಎದ್ದು ನಿಂತಳು.

ದೊಡ್ಡಪ್ಪ ಬಂದು ಸ್ಪ್ಯಾನರಿಗೆ ಪೈಪು ತೂರಿಸಿ ಮೂರನೇ ನಟ್ಟಿನತ್ತ ಬಾಗಿದ. 'ಬೇಡ' ಎನ್ನುವ ಬದಲು ಅವಳು ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದಳು. ಅವನ ಕೈ ತಾನಾಗಿ ನಿಂತಿತು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಮುಖ ಬಿಳಿಚಿತು. ಬೆರಳಿನಿಂದ ವಾಲ್ವು ಒತ್ತಿ ಹಿಡಿದ. ಗಾಳಿ ಸುಂಯ್ ಎಂದು ಬಹಳ ಹೊತ್ತು ಹೋಗುತ್ತಲೇ ಇತ್ತು.

ಸದ್ದಿಗೆ ಮಾವ ಹೊರಗೆ ಬಂದ. ಸಡಿಲಾದ ನಟ್ಟು ಕಂಡವನೇ ಎಗರಿದ. "ಏನಣ್ಣ ಇದು! ಕೆಂಪು ಕಾಣಲ್ವಾ ನಿನಗೆ? ಕಣ್ಣನ್ನ ಅಂಗಡೀಲಿ ಮರೆತು ಬಂದೆಯಾ?"

"ಹಸಿರು ಕಂಡಿತಪ್ಪ," ಎಂದ ದೊಡ್ಡಪ್ಪ. "ನನ್ನಾಣೆ, ಆಗ ಹಸಿರೇ ಕಂಡಿತು."

ಅವನು ಎಣ್ಣೆಯ ಡ್ರಮ್ಮಿನ ಮೇಲೆ ಕುಸಿದು ಕೂತ. ಮಾವನ ಸಿಟ್ಟು ಜರ್ರನೆ ಇಳಿಯಿತು. "ಹೋಗ್ಲಿ ಬಿಡಣ್ಣ, ಕಣ್ಣಿನ ಡಾಕ್ಟ್ರಿಗೆ ತೋರಿಸೋಣ," ಎಂದ.

"ತೋರಿಸೋದೇನು ಬಂತು. ಮಗು ಮೇಲೆ ಕೂತಿತ್ತು ಮಾರಾಯ. ಚಕ್ರ ಹಾರಿದ್ರೆ ನಾನೊಬ್ಬನೇ ಹೋಗ್ತಿದ್ನಾ?" ಅವನು ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ತುಂಬತೊಡಗಿದ. "ಸಾಕು. ಅಂಗಡಿ ಬೇರೆ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಕಣ್ಣು ಮೋಸ ಮಾಡಿದ ಮೇಲೆ ಈ ಕೆಲಸ ಮುಟ್ಟಬಾರದು."

ಅಜ್ಜಿಯ ಕಥೆಯಲ್ಲಿ ಮೋಸ ಮಾಡಿದವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಎಷ್ಟು ಸುಖದ ಶಿಕ್ಷೆ ಅದು ಎಂದು ಅವಳಿಗೆ ಈಗ ಅನಿಸಿತು. ಕಲ್ಲಿಗೆ ಕಿವಿ ಕೇಳಿಸುವುದಿಲ್ಲ.

"ಕನಸಮ್ಮ, ಬಾರೇ ಇಲ್ಲಿ," ಎಂದು ಕರೆದ ಅವನು. "ಆ ಬಕೆಟ್ಟು ನೀಲಿ ತಾನೇ?"

"ಹೂಂ ದೊಡ್ಡಪ್ಪ."

"ನಿನ್ನ ದುಪಟ್ಟ ಹಳದಿ?"

"ಹೂಂ."

"ಈ ನಟ್ಟು ಕೆಂಪು." ಅವನು ಮೊದಲ ಸಲ ಶಾಲೆಗೆ ಹೋದ ಮಗುವಿನ ಹಾಗೆ ಅವಳ ಮುಖ ನೋಡಿ ನಕ್ಕ. "ಎಲ್ಲ ಸರಿಯಾಗೇ ಹೇಳ್ತಿದ್ದೀನಲ್ಲೇ! ಆಗ ಮಾತ್ರ ಯಾಕೆ ಹಾಗಾಯ್ತು?"

ಅವಳಿಗೆ ನೆಲ ನೋಡುವುದಕ್ಕೂ ನಾಚಿಕೆಯಾಯಿತು. ಹೋಗಿ ಚಕ್ರದ ಮುಂದೆ ಕೂತು, ಒಂದು ನಟ್ಟನ್ನು ಉಗುರಿನಿಂದ ಕೆರೆದಳು. ಪೂರ್ತಿ ಆರದ ಕೆಂಪು ಕೆನೆಯ ಹಾಗೆ ಸುರುಳಿಯಾಗಿ ಎದ್ದು ಬಂತು. ಅಡಿಯಲ್ಲಿ ಹಸಿರು.

"ನಿಮ್ಮ ಕಣ್ಣು ಸರಿಯಾಗಿದೆ ದೊಡ್ಡಪ್ಪ."

ಮಾವ ಎತ್ತಿದ ಕೈಯನ್ನು ಹಾಗೇ ಇಳಿಸಿದ. ದೊಡ್ಡಪ್ಪ ಬಗ್ಗಿ ಆ ಹಸಿರನ್ನು ಬೆರಳಿನಿಂದ ಸವರಿದ. ಒಂದು ಗಳಿಗೆ ಅವನ ಮುಖ ಬೆಳಗಿತು, ಕಣ್ಣು ಮರಳಿ ಸಿಕ್ಕ ಖುಷಿ ಅದು. ಮರುಗಳಿಗೆ ಏನೋ ಹೊಳೆಯಿತು.

"ಕೆಂಪು ಯಾವಾಗ ಹಚ್ಚಿದೆ?"

"ನೀವು ಪೈಪು ತರೋಕೆ ಹೋದಾಗ."

"ಎರಡು ನಟ್ಟು ಸಡಿಲಾಗಿದ್ದು ನೋಡಿದ್ದೆಯಾ?"

ತಲೆಯಾಡಿಸಿದಳು.

"ಒಳಗೆ ಗಾಳಿ ಇದ್ದಿದ್ದು ಗೊತ್ತಿತ್ತಾ?"

ಇದಕ್ಕೂ ಹೌದೆಂದು ತಲೆಯಾಡಿಸಿದಳು. ನೀವು ಬರದಿದ್ದರೆ ಗಾಳಿ ಬಿಡುತ್ತಿದ್ದೆ ಎಂದು ಹೇಳಬಹುದಿತ್ತು. ಅದು ಸುಳ್ಳೂ ಆಗಿರಲಿಲ್ಲ. ಆದರೆ ಮೊದಲು ಬಣ್ಣ, ಆಮೇಲೆ ಗಾಳಿ. ಅದನ್ನು ಯಾವ ಮಾತಿನಿಂದಲೂ ಹಿಂದುಮುಂದು ಮಾಡಲಾಗುವಂತಿರಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. ಚೀಲಕ್ಕೆ ಹಾಕಿದ್ದ ಸ್ಪ್ಯಾನರುಗಳನ್ನು ಮತ್ತೆ ತೆಗೆದು ಗೋಣಿಯ ಮೇಲೆ ಜೋಡಿಸಿದ. ಉಳಿದ ಚಕ್ರಗಳ ವಾಲ್ವನ್ನು ತಾನೇ ಒಂದೊಂದಾಗಿ ಒತ್ತಿ, ಅಂಗೈಯಿಂದ ಟೈರನ್ನು ಅದುಮಿ ನೋಡಿದ. ಗಾಡಿಯ ಅಡಿಗೆ ತೂರುವ ಮೊದಲು ಮಾವನ ಕಡೆ ತಿರುಗಿದ.

"ಕೆಳಗೆ ಕತ್ತಲು. ಆ ಹುಡುಗಿಗೆ ಹೇಳಪ್ಪ, ಸ್ವಲ್ಪ ಲೈಟು ಹಿಡೀಲಿ."

ಮಾವ ಹೇಳಬೇಕಾಗಿ ಬರಲಿಲ್ಲ. ಅವಳು ಲೈಟು ತಂದು ಕೂತು ಅವನ ಕೈಯ ಮೇಲೆ ಬೆಳಕು ಬೀಳುವ ಹಾಗೆ ಹಿಡಿದಳು. ಆ ದಿನವಿಡೀ ಕನಸಮ್ಮ ಎಂದು ಯಾರೂ ಕರೆಯಲಿಲ್ಲ. ತೋಳು ಸೋತಾಗೆಲ್ಲ ಲೈಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು, ಕೆಂಪು ಅಂಟಿದ ಬೆರಳು ಬೆಳಕಿಗೆ ಬೀಳದ ಹಾಗೆ.