ಚಾಪೆಯ ಮೇಲಿನ ಮೋರಿಸ್

ಮಧ್ಯಾಹ್ನದ ಊಟ ಮುಗಿದು, ಪಾತ್ರೆಗಳನ್ನು ತೊಳೆದು ಕವುಚಿಟ್ಟು, ಕಡಲ ಕಡೆಯಿಂದ ಗಾಳಿ ಏಳುವ ಹೊತ್ತಿಗೆ ಮಾರ್ಸೆಲಿನ್ ಬಾಯಿ ಹಿತ್ತಲಿನ ಶೆಡ್ಡಿಗೆ ಹೋಗುತ್ತಿದ್ದರು. ಬಾಗಿಲ ಬಳಿ ಚಪ್ಪಲಿ ಕಳಚಿ, ಬಿಳಿ ಹೊದಿಕೆಯ ಒಂದು ಅಂಚು ಎತ್ತಿ, ಹಳೆಯ ಮೋರಿಸ್ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದರು. ಆಗ ಗಾಡಿ ಹೊರಡುತ್ತಿತ್ತು. ಸದ್ದಿಲ್ಲ, ಹೊಗೆಯಿಲ್ಲ. ಉರ್ವದ ಓಣಿ ದಾಟಿ, ಕೊಟ್ಟಾರ ಇಳಿದು, ತೆಂಗಿನ ನೆರಳುಗಳು ಒಂದರ ಹಿಂದೆ ಒಂದು ಮಡಿಲ ಮೇಲೆ ಬಿದ್ದು ಜಾರಿ ಹೋಗುತ್ತಿದ್ದವು. ಮುಂದಿನ ಸೀಟಿನಲ್ಲಿ ಗಂಡ ಗ್ರೆಗರಿಯವರ ಬೆನ್ನು. ಗ್ರೆಗರಿ ತಿರುಗಿ ನೋಡಿದರೆ ಕಾಣೆಯಾದಾರೆಂದು ಬಾಯಿ ಕನಸಿನಲ್ಲೂ ಅವರನ್ನು ಕರೆಯುತ್ತಿರಲಿಲ್ಲ.

ಗ್ರೆಗರಿ ತೀರಿಹೋಗಿ ನಾಲ್ಕು ವರ್ಷ. ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಅವರು, ಕಾಫಿ ತೋಟದ ದೊರೆಯೊಬ್ಬ ಊರು ಬಿಡುವಾಗ ಮಾರಿದ ಆ ಮಡಚುವ ಮಾಡಿನ ಗಾಡಿಯನ್ನು ಕೊಂಡು ತಂದಿದ್ದರು. ಅದಕ್ಕೊಂದು ನೇಮವನ್ನೂ ಮಾಡಿದ್ದರು: ಕೈ ತೊಳೆಯದೆ ಮುಟ್ಟಬಾರದು, ಚಪ್ಪಲಿ ಹಾಕಿಕೊಂಡು ಹತ್ತಬಾರದು. ಅವರು ಹೋದ ಮೇಲೂ ಬಾಯಿ ಆ ನೇಮ ಬಿಟ್ಟಿರಲಿಲ್ಲ. ಬಿಟ್ಟು ಹೋಗಿದ್ದು ಗಾಡಿಯ ಜೀವ ಮಾತ್ರ.

ಅರವತ್ತಮೂರರ ಡಿಸೆಂಬರಿನಲ್ಲಿ ಮೈದುನ ಆರ್ಥರ್ ಬಂದು ಜಗಲಿಯಲ್ಲಿ ಕೂತ. ಮನೆ ಅಣ್ಣ ತಮ್ಮ ಇಬ್ಬರ ಹೆಸರಿನಲ್ಲಿತ್ತು, ಶೆಡ್ಡು ಅವನ ಪಾಲಿನ ಜಾಗದಲ್ಲಿತ್ತು. ಅತ್ತಿಗೆಯನ್ನು ಅವನು ವೊನಿ ಎಂದೇ ಕರೆಯುತ್ತಿದ್ದ.

“ವೊನಿ, ನಾನು ಕೆಟ್ಟವ ಅಂತ ಎಣಿಸ್ಬೇಡಿ. ಅಲ್ಲಿ ಎರಡು ಕೋಣೆ ಎಬ್ಬಿಸುವ ಅಂತ ಉಂಟು. ಗಾಡಿ ಓಡುವುದಿಲ್ಲ, ಓಡಿಸುವವರಿಲ್ಲ. ಕ್ರಿಸ್ಮಸ್ ಆದ ಮೇಲೆ ಗುಜರಿಯ ಅದ್ದುವನ್ನು ಕರೀತೇನೆ.”

“ಅಣ್ಣನ ಗಾಡಿ ಅಲ್ವಾ ಆರ್ಥರ್?”

“ಅಣ್ಣನೇ ಇಲ್ಲ. ಈಗಿನ ಹುಡುಗರಿಗೆ ಸ್ಕೂಟರು ಬೇಕು. ಪ್ರಾಯದವರು ಯಾರಾದ್ರೂ ಇದನ್ನು ಕೈಗೆ ತಕೊಂಡು ಓಡಿಸಿ ನೋಡಿಕೊಳ್ತಾರಾ? ಹಾಗಾದ್ರೆ ನನ್ನದೆಂತ ಅಡ್ಡಿ. ನಿಮ್ಮ ಕಾಲ ಆದ ಮೇಲೆಯೂ ಬೇಕಲ್ಲ ಒಂದು ಜನ?”

ಆ ಕೊನೆಯ ಮಾತು ಬಾಯಿಯವರ ಎದೆಯಲ್ಲಿ ಕೂತುಬಿಟ್ಟಿತು. ಒಂದು ಜನ ಬೇಕು.

ಮರುದಿನವೇ ಅವರು ಆರ್ಥರನ ಮಗಳು ಒಲಿಂಡಾಳಿಗೂ ಆಚೆಮನೆಯ ಚಿತ್ತರಂಜನನಿಗೂ ಹೇಳಿ ಕಳಿಸಿದರು. ಒಲಿಂಡಾ ಟೀಚರ್ ಟ್ರೈನಿಂಗಿಗೆ ಹೋಗುತ್ತಿದ್ದಳು, ನಾಲಿಗೆ ಚುರುಕು. ಚಿತ್ತರಂಜನ ಕಾಲೇಜು ಮುಗಿಸಿ ತಂದೆಯ ಹೋಟೆಲಿನ ವ್ಯಾನು ಓಡಿಸುತ್ತಿದ್ದ. ಇಬ್ಬರೂ ಬಂದರು. ಬಾಯಿ ಕ್ರಿಸ್ಮಸ್ ಹಬ್ಬಕ್ಕೆಂದು ಮಾಡಿಟ್ಟಿದ್ದ ಕುಸ್ವಾರ್ ತಿಂಡಿಗಳ ತಟ್ಟೆ ಮುಂದಿಟ್ಟು, ನೆವ್ರಿಯೆಂಬ ಸಿಹಿ ಕಡುಬು ತಿನ್ನಿಸುತ್ತ ಗಾಡಿಯ ಚರಿತ್ರೆ ಹೇಳಿದರು. ದೊರೆ ಹೇಗಿದ್ದ, ಕಾರ್ಕಳದ ಜಾತ್ರೆಗೆ ಹೋದಾಗ ಜನ ಹೇಗೆ ಸುತ್ತುಗಟ್ಟಿದರು, ಎಲ್ಲ. ಹೊದಿಕೆ ಸರಿಸಿ ದೂರದಿಂದಲೇ ತೋರಿಸಿದರು. ಚಿತ್ತರಂಜನ ರಬ್ಬರ್ ಹಾರ್ನಿಗೆ ಕೈ ಚಾಚಿದ.

“ಮುಟ್ಟಬೇಡ ಮಗಾ! ಕೈಯಲ್ಲಿ ಬೆಲ್ಲ ಉಂಟು.”

ಅವನು ಕೈ ಹಿಂದೆ ತೆಗೆದ. ಒಲಿಂಡಾ ಆಕಳಿಸಿದಳು. ತಟ್ಟೆ ಖಾಲಿಯಾಯಿತು, ಅವರು ಹೋದರು. ಎರಡನೆಯ ಸಲ ಕರೆದಾಗಲೂ ಹಾಗೆಯೇ. ಗೇಟಿನಾಚೆ ಒಲಿಂಡಾ ಹೇಳಿದ್ದು ಬಾಯಿಗೆ ಕೇಳಿಸಿತು: “ಇಗರ್ಜಿಯಲ್ಲಿ ಕೂತ ಹಾಗೆ ಆಗ್ತದೆ ಮಾರಾಯ. ಪಾದ್ರಿಯವರ ಪ್ರಸಂಗ ಮಾತ್ರ ಬಾಕಿ.”

ಆ ಶನಿವಾರ ಬಾಯಿಯವರ ಮನೆಯಲ್ಲಿ ಕಿಡಿಯೊ ಎಂಬ ಹಬ್ಬದ ತಿಂಡಿ ಮಾಡುವ ಕೆಲಸ. ಹಿಟ್ಟಿನ ಗೋಲಿಗಳನ್ನು ಫೋರ್ಕಿನ ಬೆನ್ನಿಗೆ ಒತ್ತಿ ಹುಳದಂತೆ ಸುರುಳಿ ಮಾಡಬೇಕು. ಹತ್ತು ನಿಮಿಷ ಒಂದೆಡೆ ಕೂರದ ಒಲಿಂಡಾ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಮೊಣಕೈವರೆಗೆ ಹಿಟ್ಟು ಬಳಿದುಕೊಂಡು, ಸಂಜೆಯಾದದ್ದೂ ತಿಳಿಯದೆ ಸುರುಳಿ ಒತ್ತುತ್ತಿದ್ದಳು. ಹಾಳಾದದ್ದನ್ನು ಮುದ್ದೆ ಮಾಡಿ ಮತ್ತೆ ಒತ್ತುವಳು. ಕಿಡಿಯೊದ ಚರಿತ್ರೆಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಬಾಯಿ ಬಹಳ ಹೊತ್ತು ಅವಳ ಕೈಯನ್ನೇ ನೋಡಿದರು. ಆಮೇಲೆ ಎದ್ದು ಶೆಡ್ಡಿಗೆ ಹೋಗಿ, ಹೊದಿಕೆಯನ್ನು ಪೂರ್ತಿ ಎಳೆದು ಬಟ್ಟೆಯ ಬುಟ್ಟಿಗೆ ಹಾಕಿದರು. ಆಚೆಮನೆಯ ಬೇಲಿಯ ಮೇಲಿಂದ ಕೂಗಿದರು.

“ಚಿತ್ತು, ನಾಳೆ ಬಾ. ಗಾಡಿ ಬಿಚ್ಚುವಾ.”

“ಎಂತ ಬಾಯಮ್ಮ? ಬಿಚ್ಚುವುದಾ?”

“ಹೂಂ. ಪೂರಾ. ಕೈ ತೊಳೀಬೇಡ. ಹೇಗೂ ಕಪ್ಪಾಗ್ತದೆ.”

ಹೇಳಿದ್ದೇನೋ ಸರಿ. ಮೊದಲ ನಟ್ಟು ಕರಕರ ಎಂದಾಗ ಬಾಯಿ ಅಡುಗೆಮನೆಗೆ ಓಡಿ, ಕಿವಿ ಮುಚ್ಚಿಕೊಂಡು ನಿಂತಿದ್ದರು. ತಿರುಗಿ ಬಂದು ನೋಡಿದರೆ ಚಿತ್ತರಂಜನ, ಒಲಿಂಡಾ ಇಬ್ಬರೂ ಸೇರಿ ಅಂಗಳದಲ್ಲಿ ಹಪ್ಪಳದ ಚಾಪೆಗಳನ್ನು ಹಾಸಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಭಾಗಗಳನ್ನು ಇಟ್ಟಿದ್ದರು. ಹಪ್ಪಳ ಒಣಗಿಸಿ ಅಭ್ಯಾಸವಿದ್ದ ಒಲಿಂಡಾಳ ಉಪಾಯ ಅದು. ಕೊನೆಯ ಚಾಪೆಯಿಂದ ಮೊದಲ ಚಾಪೆಗೆ ಹಿಮ್ಮುಖ ಬಂದರೆ ಗಾಡಿ ಮತ್ತೆ ಗಾಡಿಯಾಗುತ್ತದೆ ಎಂದು ಅವಳ ಲೆಕ್ಕ. ಕಾಗೆ ಓಡಿಸಲು ಕೋಲು ಬೇರೆ ಇಟ್ಟುಕೊಂಡಿದ್ದಳು.

“ಕಾಗೆ ಸ್ಪಾರ್ಕ್ ಪ್ಲಗ್ ತಿಂತದಾ ಮಾರಾಯ್ತಿ?”

“ನಿನ್ನ ಹೋಟೆಲಿನ ಗೋಳಿಬಜೆ ತಿಂದ ಕಾಗೆ ಏನನ್ನೂ ತಿಂದೀತು.”

ಇಬ್ಬರ ನಗು ಕೇಳಿ ಅವರ ಸ್ನೇಹಿತರೂ ಇಣುಕಿದರು, ಕೂತರು, ಕೈ ಕಪ್ಪು ಮಾಡಿಕೊಂಡರು. ಸಂಜೆಯ ಹಳದಿ ಬಿಸಿಲಿನಲ್ಲಿ ಹಿತ್ತಾಳೆಯ ತುಂಡುಗಳು ಹೊಳೆಯುತ್ತಿದ್ದರೆ, ಬಾಯಿಗೆ ಗಾಡಿ ಅಂಗಳದ ತುಂಬ ಮೈಚೆಲ್ಲಿ ಮಲಗಿ ಉಸಿರಾಡುತ್ತಿದೆ ಎನಿಸುತ್ತಿತ್ತು. ಗೊತ್ತಾಗದ್ದನ್ನು ಚಿತ್ತರಂಜನ ವ್ಯಾನಿನ ಮೆಕ್ಯಾನಿಕನಲ್ಲಿ ಕೇಳಿ ಬರುತ್ತಿದ್ದ. ಚಾಪೆಗಳು ಒಂದೊಂದಾಗಿ ಖಾಲಿಯಾದವು. ಹಬ್ಬದ ಮರುದಿನ ಮಧ್ಯಾಹ್ನ ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯ ಸಲ ಮಾತಾಡಿತು. ಬಾಯಿ ಶಿಲುಬೆಯ ಗುರುತು ಹಾಕಿಕೊಂಡರು. ನಾಳೆ ಆರ್ಥರ್ ಬರಲಿ, ಅವನೆದುರೇ ಕೂಳೂರು ಸೇತುವೆಗೆ ಹೋಗುವುದೆಂದು ಎಲ್ಲರೂ ಸೇರಿ ನಿಶ್ಚಯಿಸಿದರು.

ಆರ್ಥರ್ ಬೆಳಿಗ್ಗೆಯೇ ಬಂದ. ಜೊತೆಗೆ ಅದ್ದು, ಅವನ ಕೈಗಾಡಿ. ಮೂಡಣ ಗಾಳಿ ಚಳಿ ಹೊತ್ತು ಬೀಸುತ್ತಿತ್ತು. ಚಿತ್ತರಂಜನ ಸೀಟಿನಲ್ಲಿ ಕೂತು ಪೆಡಲಿಗೆ ಕಾಲಿಟ್ಟ. ಪೆಡಲ್ ಅಲುಗಲಿಲ್ಲ. ಒಲಿಂಡಾ ಮುಂದೆ ಹ್ಯಾಂಡಲ್ ಹಾಕಿದಳು, ಅದೂ ಬಿಗಿ. ನಿನ್ನೆ ಬೆಣ್ಣೆಯಂತಿದ್ದದ್ದು ಇಂದು ಕಲ್ಲು.

“ಆಯ್ತಲ್ಲ ವೊನಿ,” ಎಂದ ಆರ್ಥರ್. ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ.

ಅದ್ದು ಚಕ್ರವೊಂದನ್ನು ತಟ್ಟಿ ನೋಡಿದ. ಆ ತಟ್ಟಿದ ಸದ್ದು ಬಾಯಿಯವರ ಬೆನ್ನಿಗೆ ಬಿದ್ದಂತಾಯಿತು.

ಒಲಿಂಡಾ ಬಾನೆಟ್ ಎತ್ತಿ ಬಗ್ಗಿದಳು. ಪೆಡಲಿನಿಂದ ಬರುವ ಸರಳಿನ ಕೀಲಿನಲ್ಲಿ, ಹ್ಯಾಂಡಲ್ ಕೂರುವ ತೂತಿನಲ್ಲಿ ಬೆರಳಾಡಿಸಿದಳು. ಬೆರಳಿಗೆ ಬೆಳ್ಳಗೆ ಏನೋ ಮೆತ್ತಿತು. ಮೂಸಿದಳು.

“ಚಿತ್ತು! ಇಲ್ಲಿಗೆ ಯಾವ ಎಣ್ಣೆ ಹಾಕಿದ್ದು?”

“ಗ್ರೀಸ್ ಮುಗಿದಿತ್ತು. ಹೋಟೆಲಿಂದ ತಂದದ್ದು. ಎಣ್ಣೆ ಎಣ್ಣೆಯೇ ಅಲ್ವಾ?”

“ತೆಂಗಿನೆಣ್ಣೆ ಮಾರಾಯ! ಬೆಳಿಗ್ಗೆ ನನ್ನ ತಲೆಯ ಎಣ್ಣೆ ಬಾಟ್ಲಿಯಲ್ಲಿ ಗಟ್ಟಿಯಾಗಿತ್ತು. ಇದೂ ಹಾಗೆಯೇ ಕೂತಿದೆ!”

“ಇನ್ನು ಸ್ವಲ್ಪ ಒಗ್ಗರಣೆ ಹಾಕಿದ್ರೆ ಆಯ್ತು,” ಎಂದ ಅದ್ದು.

ಆರ್ಥರನಿಗೆ ತಡೆಯಲಾಗಲಿಲ್ಲ, ಬಗ್ಗಿ ಬಗ್ಗಿ ನಕ್ಕ. ಎಣ್ಣೆ ಬಾಟ್ಲಿಗೆ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಎಲ್ಲರೂ ಕೂಡಿ, ಅದ್ದುವೂ ಹೆಗಲು ಕೊಟ್ಟು, ಗಾಡಿಯನ್ನು ಅಂಗಳದ ಬಿಸಿಲಿಗೆ ನೂಕಿದರು. ಬಾನೆಟ್ ತೆರೆದಿಟ್ಟು ಕಾಯುತ್ತ ಕೂತರು. ಬಾಯಿ ಚಾ ಕೊಟ್ಟರು. ಹಲಸಿನ ಮರದ ನೆರಳು ಮೆಲ್ಲಮೆಲ್ಲನೆ ಗಾಡಿಯ ಮೇಲಿಂದ ಇಳಿಯಿತು. ಯಾರೂ ಅವಸರ ಮಾಡಲಿಲ್ಲ. ಬಿಸಿಲು ಏರಿದಂತೆ ಅಂಗಳದಲ್ಲಿ ತೆಂಗಿನೆಣ್ಣೆಯ ತೆಳ್ಳನೆ ಪರಿಮಳ ಎದ್ದಿತು, ಯಾರೋ ಹೆಂಗಸು ತಲೆ ಬಾಚಿ ಎದ್ದುಹೋದಂತೆ. ಚಿತ್ತರಂಜನ ನಡುನಡುವೆ ಹೋಗಿ ಪೆಡಲ್ ಒತ್ತಿ ಬರುತ್ತಿದ್ದ. ಕೊನೆಗೊಮ್ಮೆ ಅದು ಇಳಿಯಿತು, ಹ್ಯಾಂಡಲೂ ತಿರುಗಿತು.

ಮುಂದೆ ಅವರಿಬ್ಬರು, ಹಿಂದೆ ಬಾಯಿ ಮತ್ತು ಆರ್ಥರ್. ಅದ್ದು ಗೇಟು ತೆರೆದು ಹಿಡಿದ. ಗಾಡಿ ಕೊಟ್ಟಾರ ಇಳಿದು, ಗದ್ದೆಗಳ ನಡುವೆ ಹಾದು, ಕೂಳೂರು ಸೇತುವೆಯ ನಟ್ಟನಡುವೆ ಒಮ್ಮೆ ಬಿಕ್ಕಳಿಸಿ ನಿಂತುಬಿಟ್ಟಿತು.

ಕೆಳಗೆ ಗುರುಪುರ ಹೊಳೆ ಬೆಳ್ಳಗೆ ಹರಡಿತ್ತು. ಆರ್ಥರ್ ಏನಾದರೂ ಅನ್ನುವ ಮೊದಲೇ ಬಾನೆಟ್ ಮೇಲಕ್ಕೆ ಹೋಗಿತ್ತು, ಎರಡು ತಲೆ ಒಳಗೆ ಹೊಕ್ಕಿದ್ದವು.

“ಪ್ಲಗ್ ತೆಗಿ.”

“ನಿನಗೆ ಎಲ್ಲದಕ್ಕೂ ಪ್ಲಗ್. ಮೊದಲು ಪೆಟ್ರೋಲ್ ಬರ್ತದಾ ನೋಡು.”

ಆರ್ಥರ್ ರಸ್ತೆಯ ಕಡೆ ತಿರುಗಿ ನೋಡಿದ. “ಒಲಿಂಡಾ, ಬಸ್ಸು ಬರ್ತಾ ಉಂಟು. ಹೋಗುವಾ?”

“ನೀವು ಹೋಗಿ ಪಪ್ಪಾ. ಇದನ್ನು ಬಿಟ್ಟು ನಾವೆಲ್ಲಿಗೆ ಬರುವುದು?” ತಲೆ ಎತ್ತದೆಯೇ ಅಂದಳು. “ಕೋಣೆ ಬೇರೆ ಕಡೆ ಎಬ್ಬಿಸಿ.”

ಬಸ್ಸು ಹಾರ್ನು ಹಾಕುತ್ತ ದಾಟಿಹೋಯಿತು. ಆರ್ಥರ್ ಹತ್ತಲಿಲ್ಲ. “ಅದ್ದುವಿಗೆ ಬೇರೆಂತಾದರೂ ಕೊಡ್ಬೇಕು ಇನ್ನು,” ಎಂದು ಗೊಣಗಿ, ಕೋಟು ಕಳಚಿ ಸೀಟಿನ ಮೇಲಿಟ್ಟು, ಇಳಿದು ಅವರ ಹಿಂದೆ ಹೋಗಿ ಇಣುಕಿದ.

“ಬೆಳಕಿಗೆ ಅಡ್ಡ ನಿಲ್ಲಬೇಡಿ ಪೊರ್ಬುಗಳೇ,” ಎಂದ ಚಿತ್ತರಂಜನ, ಊರವರು ಕ್ರೈಸ್ತ ಹಿರಿಯರನ್ನು ಕರೆಯುವಂತೆ.

ಒಲಿಂಡಾಳ ಕಪ್ಪು ಕೈಯೊಂದು ಹಿಂದಕ್ಕೆ ಚಾಚಿ ಬಂತು. “ಆಂಟಿ, ನಿಮ್ಮ ತಲೆಯ ಪಿನ್ನು ಕೊಡಿ ಒಂದು. ಪೈಪಿನಲ್ಲಿ ಕಸ ಸಿಕ್ಕಿದೆ.”

ಬಾಯಿ ತುರುಬಿನಿಂದ ಪಿನ್ನು ಕಿತ್ತು ಕೊಟ್ಟರು. ಸ್ವಲ್ಪ ಹೊತ್ತಿಗೆ ಆ ಕೈ ಮತ್ತೆ ಬಂತು. “ಬಗ್ಗಿತು. ಇನ್ನೊಂದು.” ಅದನ್ನೂ ಕೊಟ್ಟರು. ತುರುಬು ಬಿಚ್ಚಿ, ನರೆತ ಕೂದಲು ಹೊಳೆಗಾಳಿಗೆ ಹಾರಾಡತೊಡಗಿತು. ಕಟ್ಟಿಕೊಳ್ಳಲು ಪಿನ್ನು ಉಳಿದಿರಲಿಲ್ಲ, ಅವರು ಕಟ್ಟಿಕೊಳ್ಳಲೂ ಹೋಗಲಿಲ್ಲ.